ಎದುರು ಮನೆಯ ಏಳು ಹೆಸರುಗಳು

ಮಸ್ಕತ್ತಿಗೆ ಬಂದ ಮೂರನೆಯ ದಿನ ಬೆಳಿಗ್ಗೆ ಎದುರು ಮನೆಯಿಂದ ತೆಂಗಿನಕಾಯಿ ತುರಿಯುವ ಸದ್ದು ಕೇಳಿತು. ಉಡುಪಿಯ ಹತ್ತಿರದ ನಮ್ಮ ಮನೆಯಲ್ಲಿ ಬೆಳಗಾಗುತ್ತಿದ್ದುದೇ ಆ ಸದ್ದಿನಿಂದ. ಅದು ಸಾವಿರದ ಒಂಬೈನೂರ ಎಂಬತ್ತನಾಲ್ಕು. ಗಂಡ ಜಗನ್ನಾಥ ಘಾಲಾದ ಗ್ಯಾರೇಜಿಗೆ ಕೆಲಸಕ್ಕೆ ಹೋಗಿದ್ದರು. ರೂವಿ ಬಡಾವಣೆಯ ಆ ಹಳೆಯ ಕಟ್ಟಡದ ಎರಡನೆಯ ಮಹಡಿಯಲ್ಲಿ ಎರಡು ದಿನ ಒಬ್ಬಳೇ ಕುಳಿತು, ಒಂದು ಗರಿಕೆಯೂ ಇಲ್ಲದ ಗುಡ್ಡವನ್ನು ಕಿಟಕಿಯಿಂದ ನೋಡಿ ನೋಡಿ ನನಗೆ ಸಾಕಾಗಿತ್ತು. ಎದುರಿಗೆ ನಮ್ಮೂರಿನವರೇ ಇದ್ದಾರೆ ಎಂಬ ಖುಷಿಗೆ ಚಪ್ಪಲಿಯನ್ನೂ ಹಾಕದೆ ಹೋಗಿ ಬಾಗಿಲು ಬಡಿದೆ. ಒಳಗೆ ಯಾರಿದ್ದೀರಿ ಎಂದು ತುಳುವಿನಲ್ಲಿ ಕೇಳಿಯೇಬಿಟ್ಟೆ.

ಬಾಗಿಲು ತೆರೆದವಳು ನನಗಿಂತ ಒಂದು ಗೇಣು ಎತ್ತರದ, ಕಡುಕಪ್ಪು ಬಣ್ಣದ ಹೆಂಗಸು. ಹೂವಿನ ಚಿತ್ತಾರದ ಬಟ್ಟೆಯೊಂದನ್ನು ಎದೆಯ ಮೇಲಿಂದ ಸುತ್ತಿಕೊಂಡಿದ್ದಳು. ಅವಳ ಹಿಂದೆ ನೆಲದ ಮೇಲೆ ಅಷ್ಟೇ ಕಪ್ಪಗಿನ ಮುದುಕಿಯೊಬ್ಬಳು ತುರಿಮಣೆಯ ಮೇಲೆ ಕುಳಿತಿದ್ದಳು. ಅದೇ ಮರದ ಮಣೆ, ಅದೇ ಹಲ್ಲಿನ ಕಬ್ಬಿಣದ ನಾಲಿಗೆ, ಕೆಳಗೆ ಅದೇ ತಟ್ಟೆ. ಕುಳಿತವಳು ಮಾತ್ರ ಬೇರೆ. ನಾನು "ಸಾರಿ" ಎಂದವಳೇ ಓಡಿಬಂದು ಚಿಲಕ ಹಾಕಿಕೊಂಡೆ.

ಸ್ವಲ್ಪ ಹೊತ್ತಿನಲ್ಲಿ ಅವಳೇ ಬಂದು ಬಾಗಿಲು ತಟ್ಟಿದಳು. ಕೈಯಲ್ಲಿ ತಟ್ಟೆ, ಅದರಲ್ಲಿ ನಾಲ್ಕು ಉಬ್ಬಿದ ಕರಿದ ತಿಂಡಿ. "ಮಂದಾಜಿ" ಎಂದಳು. ನೋಡಿದರೆ ನಮ್ಮ ಮಂಗಳೂರಿನ ಬನ್ಸೇ. ನಾನು ಹಲ್ಲು ಕಿರಿದು ತೆಗೆದುಕೊಂಡೆ, ಒಳಗೆ ಬಂದು ಕಸದ ಬುಟ್ಟಿಗೆ ಹಾಕಿದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ನಡೆದದ್ದು ಹಾಗೆ. ನನ್ನ ಬಣ್ಣವೇನೂ ಹಾಲಿನದಲ್ಲ. ಮದುವೆಗೆ ಮೊದಲು ನೋಡಲು ಬಂದ ಎರಡು ಕಡೆಯವರು ಹುಡುಗಿ ಕಪ್ಪಾಯಿತು ಎಂದು ಹೇಳಿ ಕಳಿಸಿದ್ದರು. ಆ ನೋವು ನನಗೆ ಬುದ್ಧಿ ಕಲಿಸಿರಬೇಕಿತ್ತು. ಕಲಿಸಿರಲಿಲ್ಲ. ನನಗಿಂತ ಕಪ್ಪಗಿರುವವರು ಸಿಕ್ಕಿದ ಕೂಡಲೇ ನಾನೂ ಹುಡುಗಿ ನೋಡಲು ಬಂದವರ ಸಾಲಿಗೆ ಸೇರಿಕೊಂಡೆ.

ಎರಡನೆಯ ಸಲ ಅವಳು ತಂದದ್ದು ತೆಂಗಿನ ಹಾಲಿನಲ್ಲಿ ಬೇಯಿಸಿದ ಅನ್ನ. ಮನೆಯಲ್ಲಿ ಗ್ಯಾಸ್ ಮುಗಿದಿತ್ತು, ಹಸಿವಾಗಿತ್ತು. ತಿಂದೆ. ಒಂದು ತುತ್ತು ಬಾಯಿಗಿಟ್ಟ ಮೇಲೆ ಕಣ್ಣಲ್ಲಿ ನೀರು ಬಂತು. ಊರು ಬಿಟ್ಟ ಮೇಲೆ ಅತ್ತದ್ದು ಅದೇ ಮೊದಲು.

ಅವಳ ಹೆಸರು ಜುವೇನಾ. ಒಂದು ಬ್ಯಾಂಕಿನಲ್ಲಿ ಟೆಲಿಫೋನ್ ಆಪರೇಟರ್. ಇಂಗ್ಲಿಷನ್ನು ನಮ್ಮ ಕಾಲೇಜಿನ ಲೆಕ್ಚರರಿಗಿಂತ ಚೆನ್ನಾಗಿ ಮಾತನಾಡುತ್ತಿದ್ದಳು. ಮನೆಯಲ್ಲಿ ಅವರ ಭಾಷೆ ಸ್ವಾಹಿಲಿ. ಅರಬ್ಬಿ ಮಾತನಾಡುವಷ್ಟು ಬರುತ್ತಿತ್ತು, ಓದಲು ತಡವರಿಸುತ್ತಿದ್ದಳು. ತುರಿಮಣೆಯ ಮೇಲಿದ್ದ ಮುದುಕಿ ಅವಳ ತಾಯಿ ಬೀ ಸಲ್ಮಾ. ಹಿರಿಯ ಹೆಂಗಸರ ಹೆಸರಿಗೆ ಮರ್ಯಾದೆಗೆ ಸೇರಿಸುವ ಮಾತು 'ಬೀ'. ತಂಗಿ ರಹ್ಮಾಳಿಗೆ ಆಗ ಇಪ್ಪತ್ತು. ಮನೆಯಲ್ಲಿ ಗಂಡಸರ ಚಪ್ಪಲಿ ಇರಲಿಲ್ಲ. ತುರಿಮಣೆಗೆ ಅವರು 'ಎಂಬೂಜಿ' ಎನ್ನುತ್ತಿದ್ದರು, ಅಂದರೆ ಆಡು. ಕಾಯಿ ತುರಿಯುವವಳು ಆಡಿನ ಮೇಲೆ ಸವಾರಿ ಮಾಡಿದ ಹಾಗೆ ಕಾಣುತ್ತಾಳಲ್ಲ, ಅದಕ್ಕಂತೆ. ಈ ವಿಷಯ ನಮ್ಮವರಿಗೆ ಹೊಳೆಯದೇ ಹೋದದ್ದು ಆಶ್ಚರ್ಯ.

ಇವರು ಒಮಾನಿನವರೇ. ಆದರೆ ಎಷ್ಟೋ ತಲೆಮಾರಿನ ಹಿಂದೆ ಹಾಯಿಹಡಗಿನಲ್ಲಿ ಜಾಂಜಿಬಾರ್ ದ್ವೀಪಕ್ಕೆ ಹೋಗಿ, ಲವಂಗದ ತೋಟ ಮಾಡಿ, ಅಲ್ಲಿಯ ಹೆಣ್ಣುಗಳನ್ನು ಮದುವೆಯಾಗಿ ಅಲ್ಲಿಯೇ ನಿಂತವರ ಸಂತತಿ. ಬೀ ಸಲ್ಮಾಳ ಅಜ್ಜಿಯ ಅಜ್ಜಿ ಆಫ್ರಿಕದ ಒಳನಾಡಿನವಳು. ಆಕೆ ದ್ವೀಪಕ್ಕೆ ಹೇಗೆ ಬಂದಳೆಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಅರವತ್ತರ ದಶಕದಲ್ಲಿ ದ್ವೀಪದಲ್ಲಿ ಅರಬರ ವಿರುದ್ಧ ದಂಗೆಯಾದಾಗ ಶಾಲಾ ಮಾಸ್ತರನಾಗಿದ್ದ ಇವರ ತಂದೆ ಸಾಲೆಹ್‌ನನ್ನು ದಂಗೆಕೋರರು ಮನೆಯಿಂದ ಕರೆದುಕೊಂಡು ಹೋದರು. ಮತ್ತೆ ಅವನು ಬರಲಿಲ್ಲ. ಜುವೇನಾಳಿಗೆ ಆರು ವರ್ಷ, ರಹ್ಮಾ ತಾಯಿಯ ಹೊಟ್ಟೆಯಲ್ಲಿ. ಬೀ ಸಲ್ಮಾ ಶಾಲೆಯ ಗೇಟಿನ ಎದುರು ಮಂದಾಜಿ ಮಾರಿ ಇಬ್ಬರನ್ನೂ ಓದಿಸಿದಳು. ಜುವೇನಾ ಚಿಕ್ಕಮ್ಮನ ಜೊತೆ ಮೊದಲೇ ಮಸ್ಕತ್ತಿಗೆ ಬಂದು, ಕೆಲಸ ಹಿಡಿದು, ಆಮೇಲೆ ತಾಯಿಯನ್ನೂ ತಂಗಿಯನ್ನೂ ಕರೆಸಿಕೊಂಡಿದ್ದಳು.

"ಅಲ್ಲಿ ನಮ್ಮನ್ನು ಅರಬರು ಅಂದರು. ಇಲ್ಲಿ ಜಿಂಜಿಬಾರಿಗಳು ಅಂತಾರೆ" ಎಂದು ಜುವೇನಾ ಒಮ್ಮೆ ನಕ್ಕಳು. ನಾನು ಅಯ್ಯೋ ಪಾಪ ಎನ್ನುವ ಮುಖ ಮಾಡಿರಬೇಕು. "ಹಾಗೆ ನೋಡಬೇಡ ದಾದಾ. ಅಳುವುದಕ್ಕೆ ನಮಗೆ ಪುರುಸೊತ್ತೇ ಇರಲಿಲ್ಲ. ಬೆಳಿಗ್ಗೆ ಎದ್ದರೆ ಹಿಟ್ಟು ನಾದಬೇಕಿತ್ತು." ದಾದಾ ಎಂದರೆ ಅವರಲ್ಲಿ ಅಕ್ಕ. ನನಗಿಂತ ಅವಳೇ ಒಂದು ವರ್ಷ ದೊಡ್ಡವಳು, ಆದರೂ ಹಾಗೆ ಕರೆಯುತ್ತಿದ್ದಳು.

ತಂದೆಯಿಲ್ಲದ ಮನೆ ನನಗೂ ಹೊಸದಲ್ಲ. ನನಗೆ ನಾಲ್ಕು ವರ್ಷವಿದ್ದಾಗ ಅಪ್ಪ ಬೊಂಬಾಯಿಯ ಹೋಟೆಲಿಗೆಂದು ಹೋದವರು ತಿರುಗಿ ಬರಲಿಲ್ಲ. ಅವರನ್ನು ಯಾರೂ ಎಳೆದೊಯ್ದಿರಲಿಲ್ಲ, ತಾವಾಗಿಯೇ ಹೋಗಿದ್ದರು. ಆದರೆ ನಮ್ಮದು ಅಳಿಯಸಂತಾನದ ಕುಟುಂಬ. ಮನೆ ತಾಯಿಯದು, ಯಜಮಾನ ಸೋದರಮಾವ, ನಾವು ಯಾವ ಕುಲದವರು ಎಂದು ಹೇಳುವ 'ಬರಿ' ಬರುವುದು ತಾಯಿಯಿಂದ. ಹಾಗಾಗಿ ಅಪ್ಪ ಹೋದಾಗ ಮನೆಯ ಒಂದು ಹಂಚೂ ಅಲುಗಲಿಲ್ಲ. ಅಮ್ಮ ಅವರ ಹೆಸರೆತ್ತುವುದನ್ನು ನಿಲ್ಲಿಸಿದಳು, ನಾವೂ ನಿಲ್ಲಿಸಿದೆವು. ಎದುರು ಮನೆಯಲ್ಲಿ ಇದಕ್ಕೆ ತಿರುಗುಮುರುಗು. ಅಲ್ಲಿ ಸತ್ತವನ ಹೆಸರು ದಿನಕ್ಕೆ ಹತ್ತು ಸಲ ಕೇಳುತ್ತಿತ್ತು. ಬೀ ಸಲ್ಮಾ ಕಾಯಿ ತುರಿಯುತ್ತ ಒಂದು ರಾಗದಲ್ಲಿ ಹೇಳುವಳು: ಸಾಲೆಹ್, ಬಿನ್ ನಾಸರ್, ಬಿನ್ ಹಮದ್, ಬಿನ್ ಸೈಫ್, ಬಿನ್ ಖಲ್ಫಾನ್, ಬಿನ್ ಮುಹನ್ನಾ, ಬಿನ್ ರಾಶಿದ್. ಬಿನ್ ಎಂದರೆ ಮಗ. ರಾಶಿದ್ ಎಂಬವನು ಮೊದಲು ಹಡಗು ಹತ್ತಿದವನು. ಹೆಣ್ಣುಮಕ್ಕಳು ಮಾತು ಕಲಿಯುವಾಗಲೇ ಈ ಏಳು ಹೆಸರನ್ನು ಕಲಿತಿದ್ದರು. ನಾನು ಅದನ್ನು ಯಾವುದೋ ದೇವರ ಸ್ತೋತ್ರವೆಂದು ಬಹಳ ದಿನ ಅಂದುಕೊಂಡಿದ್ದೆ.

ಮರುವರ್ಷ ರಹ್ಮಾಳಿಗೆ ನರ್ಸಿಂಗ್ ತರಬೇತಿಗೆ ಸೀಟು ಸಿಕ್ಕಿತು. ಸೇರಬೇಕಾದರೆ ಒಮಾನಿ ಪ್ರಜೆಯೆಂಬ ಕಾಗದ ಬೇಕು. ಜುವೇನಾಳಿಗೆ ಅದು ಮೊದಲೇ ಆಗಿತ್ತು. ಅಕ್ಕನ ಫೈಲು ತೋರಿಸಿ, ನಾವು ಒಂದೇ ತಂದೆಯ ಮಕ್ಕಳು ಎಂದು ಬರೆದುಕೊಟ್ಟರೆ ತಂಗಿಯದೂ ಸಲೀಸಾಗಿ ಆಗುತ್ತದೆ ಎಂದು ಕಚೇರಿಯಲ್ಲಿ ಹೇಳಿದ್ದರು. ನನ್ನ ಬಳಿ ಗ್ಯಾರೇಜಿನವರು ಬಿಸಾಡಲಿದ್ದ ಒಂದು ಇಂಗ್ಲಿಷ್ ಟೈಪ್‌ರೈಟರ್ ಇತ್ತು. ಹೊತ್ತು ಹೋಗಲೆಂದು ಅಕ್ಕಪಕ್ಕದವರಿಗೆ ಅರ್ಜಿ ಬರೆದುಕೊಡುತ್ತಿದ್ದೆ. "ನೀನು ಇಂಗ್ಲಿಷಿನಲ್ಲಿ ಚೆನ್ನಾಗಿ ಟೈಪ್ ಮಾಡು ದಾದಾ, ಅರಬ್ಬಿಗೆ ಮಾಡಿಸಿಕೊಳ್ಳುತ್ತೇನೆ" ಎಂದಳು ಜುವೇನಾ. ನನಗೆ ಹೆಮ್ಮೆಯಾಯಿತು. ಊರಿನಲ್ಲಿ ಟೈಪಿಂಗ್ ಪರೀಕ್ಷೆ ಪಾಸು ಮಾಡಿದ್ದು ಇಷ್ಟು ದೂರ ಬಂದು ಒಂದು ಉಪಯೋಗಕ್ಕೆ ಬಂತಲ್ಲ ಎಂದು.

ಬೀ ಸಲ್ಮಾ ಹೇಳಿದಳು, ರಹ್ಮಾ ಇಂಗ್ಲಿಷಿಗೆ ತಿರುಗಿಸಿದಳು, ನಾನು ಗುರುತು ಹಾಕಿಕೊಂಡೆ. ತಂದೆಯ ಕಡೆಯ ಕುಲ, ತಾಯಿಯ ಕಡೆಯ ಕುಲ, ಎರಡನ್ನೂ ಹೇಳಿದಳು. ಕುಲಕ್ಕೆ ಅವರು 'ಕಬೀಲಾ' ಎನ್ನುತ್ತಾರೆ. ಇಲ್ಲಿ ಅದು ಬರಿಯ ಹೆಸರಲ್ಲ. ನೀನು ಯಾರು ಎಂದು ಸರಕಾರ ಕೇಳಿದರೆ ಆ ಕುಲದ ಶೇಖ್, ಅಂದರೆ ಹಿರಿಯ, ಹೌದು ನಮ್ಮವಳು ಎಂದು ಹೇಳಬೇಕು. ಮನೆಗೆ ಬಂದು ಟೈಪ್ ಮಾಡುವಾಗ ರಹ್ಮಾಳ ಹೆಸರಿನ ಮುಂದೆ ಕುಲ ಎಂಬಲ್ಲಿ ನನ್ನ ಬೆರಳು ತಾಯಿಯ ಕುಲವನ್ನು ಹೊಡೆಯಿತು. ಒಂದು ಕ್ಷಣವೂ ತಡೆಯಲಿಲ್ಲ. ಮಗಳೆಂದರೆ ತಾಯಿಯ ಕಡೆಯವಳು ಎಂದು ಹುಟ್ಟಿದಂದಿನಿಂದ ಕೇಳಿಕೊಂಡು ಬಂದ ಬೆರಳು ಅದು. ಜುವೇನಾ ಡ್ಯೂಟಿಯ ಅವಸರದಲ್ಲಿ ಓದದೆ ತೆಗೆದುಕೊಂಡು ಹೋದಳು. ಅರಬ್ಬಿಯಾದ ಮೇಲೆ ಆ ಮನೆಯಲ್ಲಿ ಅದನ್ನು ಸರಾಗವಾಗಿ ಓದಬಲ್ಲವರು ಯಾರೂ ಇರಲಿಲ್ಲ.

ಹತ್ತು ದಿನದ ಮೇಲೆ ಜುವೇನಾ ಕಾಗದ ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ಕುಳಿತುಕೊಳ್ಳಲಿಲ್ಲ. ಆ ಕಚೇರಿಯ ಅಧಿಕಾರಿ ಅಕ್ಕತಂಗಿಯರ ಎರಡು ಕಾಗದವನ್ನು ಪಕ್ಕಪಕ್ಕ ಇಟ್ಟು, ಒಂದೇ ಅಪ್ಪನ ಮಕ್ಕಳಿಗೆ ಎರಡು ಕಬೀಲಾ ಹೇಗಾಯಿತು ಎಂದು ಕೇಳಿದ್ದ. ಚಿಕ್ಕವಳು ಹುಟ್ಟಿದ್ದು ತಂದೆ ಹೋದ ಎಷ್ಟು ತಿಂಗಳಿಗೆ ಎಂದೂ ಕೇಳಿದ್ದ. ಬೀ ಸಲ್ಮಾಳ ಎದುರಿಗೇ. ತಂದೆಯ ಕುಲದ ಶೇಖ್ ಬರೆದುಕೊಟ್ಟರೆ ಮಾತ್ರ ಫೈಲು ಮುಂದೆ ಹೋಗುತ್ತದೆ ಎಂದು ಹೇಳಿ ಕಳಿಸಿದ್ದ. ತರಬೇತಿ ಶುರುವಾಗಲು ಎರಡು ವಾರ ಉಳಿದಿತ್ತು.

"ಅಪ್ಪನಿಂದ ನಮಗೆ ಉಳಿದದ್ದು ಹೆಸರೊಂದೇ" ಎಂದಳು ಜುವೇನಾ. ದನಿ ಏರಿಸಲಿಲ್ಲ. "ಇಪ್ಪತ್ತೊಂದು ವರ್ಷ ಅಮ್ಮ ಅದನ್ನು ಕಾಪಾಡಿದಳು. ರಹ್ಮಾ ಅವನನ್ನು ಕಂಡೇ ಇಲ್ಲ, ಹೆಸರು ಹೇಳಿಕೊಂಡೇ ಬೆಳೆದವಳು. ಅದನ್ನೂ ನೀನು ಅಳಿಸಿಬಿಟ್ಟೆಯಲ್ಲ, ಸುಮತಿ."

ದಾದಾ ಎನ್ನಲಿಲ್ಲ ಎಂಬುದು ಅವಳು ಹೋದ ಮೇಲೆ ನನಗೆ ತಿಳಿಯಿತು. ಎದುರು ಬಾಗಿಲು ಮುಚ್ಚಿಕೊಂಡಿತು. ಮರುದಿನ ಬೆಳಿಗ್ಗೆ ಕಾಯಿ ತುರಿಯುವ ಸದ್ದು ಕೇಳಿತು, ಹೆಸರುಗಳು ಕೇಳಲಿಲ್ಲ.

ಸಂಜೆ ಜಗನ್ನಾಥರಿಗೆ ಎಲ್ಲವನ್ನೂ ಹೇಳಿದೆ. "ಎಂತ ಮಾಡಿದ್ದು ಮಾರಾಯ್ತಿ ನೀನು? ಅಪ್ಪನ ಕಡೆ ಕೇಳಿದರೆ ಅಮ್ಮನ ಕಡೆ ಬರೆಯುವುದಾ?" ಎಂದು ರೇಗಿದರು.

"ನೀವು ಬರೆದಿದ್ದರೆ ಎಂತ ಬರೆಯುತ್ತಿದ್ದಿರಿ?"

ಷರಟು ಬಿಚ್ಚುತ್ತಿದ್ದವರು ಅಲ್ಲಿಗೇ ನಿಂತರು. "ಹೌದು, ನಾನೂ ಅದನ್ನೇ ಬರೆಯುತ್ತಿದ್ದೆ" ಎಂದರು. ಷರಟನ್ನು ಮೊಳೆಗೆ ಸಿಕ್ಕಿಸಿ, "ಶುಕ್ರವಾರ ಗ್ಯಾರೇಜಿನ ಗಾಡಿ ಕೇಳ್ತೇನೆ. ನೀನೂ ಬರಬೇಕು. ಬರೆದವಳು ನೀನು, ಹೇಳಬೇಕಾದವಳೂ ನೀನೇ" ಎಂದರು.

ಶುಕ್ರವಾರ ಬೆಳಿಗ್ಗೆ ನಾನು ಎದುರು ಬಾಗಿಲು ಬಡಿದು, ಗಾಡಿ ಕೆಳಗೆ ನಿಂತಿದೆ ಎಂದೆ. ಬಾಗಿಲು ತೆರೆದ ಜುವೇನಾ ತಾಯಿಯ ಕಡೆ ತಿರುಗಿದಳು. ಬೀ ಸಲ್ಮಾ ಒಳಗಿನಿಂದ "ಯಲ್ಲಾ" ಎಂದಳು. ನಡೆಯಿರಿ ಎಂದರ್ಥ. ಅವಳು ಆಗಲೇ ಕಪ್ಪು ಅಬಾಯಾ ತೊಟ್ಟು, ಒಂದು ಡಬ್ಬಿ ಮಂದಾಜಿ ಕಟ್ಟಿಕೊಂಡಿದ್ದಳು.

ಒಳನಾಡಿನ ಆ ಊರು ಮೂರು ಗಂಟೆಯ ದಾರಿ. ಕಲ್ಲುಗುಡ್ಡಗಳ ನಡುವೆ ಇದ್ದಕ್ಕಿದ್ದಂತೆ ಖರ್ಜೂರದ ಹಸಿರು, ಅದರೊಳಗೆ ಮಣ್ಣಿನ ಮನೆಗಳು, ಫಲಜ್ ಎಂಬ ನೀರಿನ ಕಾಲುವೆ. ನಮ್ಮಲ್ಲಿಯ ಹಾಗೆ ನೀರು ಎಲ್ಲೆಂದರಲ್ಲಿ ಹರಿಯುವುದಿಲ್ಲ. ಯಾರ ತೋಟಕ್ಕೆ ಎಷ್ಟು ಹೊತ್ತು ಎಂಬುದಕ್ಕೆ ಕಟ್ಟಳೆಯಿದೆ. ಏಳು ತಲೆಮಾರಿನ ಹಿಂದೆ ರಾಶಿದ್ ಹೊರಟದ್ದು ಇಲ್ಲಿಂದ. ರಹ್ಮಾ ಕಾಲುವೆಯಲ್ಲಿ ಕೈ ಅದ್ದಿ ಮುಖ ತೊಳೆದುಕೊಂಡಳು. ದಾರಿಯಲ್ಲಿ ಸಿಕ್ಕಿದ ಹೆಂಗಸರು ಈ ಮೂವರನ್ನು ನೋಡಿ ಏನೋ ಅಂದುಕೊಂಡರು; ಜಿಂಜಿಬಾರಿ ಎಂಬ ಮಾತು ನನಗೂ ಕೇಳಿಸಿತು. ಜುವೇನಾ ತಲೆ ಎತ್ತಿಕೊಂಡೇ ನಡೆದಳು.

ಶೇಖ್ ತುಂಬ ಮುದುಕ. ಅಂಗಳದಲ್ಲಿ ಚಾಪೆ ಹಾಸಿ ನಮ್ಮೆಲ್ಲರನ್ನೂ ಕುಳ್ಳಿರಿಸಿ, ಅವನ ಹೆಂಡತಿ ಖರ್ಜೂರ, ಏಲಕ್ಕಿ ಹಾಕಿದ ಕಹಿ ಕಾಫಿ ಕೊಟ್ಟಳು. ವಿಷಯ ಕೇಳಿದ ಮೇಲೆ ಶೇಖ್ ರಹ್ಮಾಳ ಕಡೆ ತಿರುಗಿ, "ನೀನು ಯಾರ ಮಗಳಮ್ಮ?" ಎಂದು ಕೇಳಿದ. ಜುವೇನಾ ಪಿಸುದನಿಯಲ್ಲಿ ನನಗೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು.

ರಹ್ಮಾ ಹೇಳಿದಳು. ಸಾಲೆಹ್, ನಾಸರ್, ಹಮದ್, ಸೈಫ್, ಖಲ್ಫಾನ್, ಮುಹನ್ನಾ, ರಾಶಿದ್. ಅರಬ್ಬಿ ಸರಿಯಾಗಿ ಬಾರದ ಹುಡುಗಿ ಆ ಏಳು ಹೆಸರನ್ನು ಮಾತ್ರ ಒಂದೂ ತೊದಲದೆ ಹೇಳಿದಳು. ಬೀ ಸಲ್ಮಾಳ ತುಟಿಯೂ ಜೊತೆಗೆ ಅಲುಗುತ್ತಿತ್ತು. ಶೇಖ್ ಬೆರಳು ಮಡಿಚಿ ಎಣಿಸುತ್ತಿದ್ದ. ರಾಶಿದ್ ಎಂದಾಗ ಅವನ ಹೆಂಡತಿ ಕಾಫಿಯ ಹೂಜಿ ಕೆಳಗಿಟ್ಟಳು. ರಾಶಿದನ ಪಾಲಿನ ಖರ್ಜೂರದ ತೋಟ ಕಾಲುವೆಯ ಆಚೆ ಇನ್ನೂ ಇದೆಯಂತೆ.

ಆದರೆ ಶೇಖ್ ಸುಲಭಕ್ಕೆ ಬಿಡುವವನಲ್ಲ. ಕಾಗದ ಎತ್ತಿ ಹಿಡಿದು, "ಹಾಗಾದರೆ ಇದರಲ್ಲಿ ಬೇರೆ ಕುಲ ಯಾಕಿದೆ? ಹೆಸರು ಯಾರು ಬೇಕಾದರೂ ಬಾಯಿಪಾಠ ಮಾಡಬಹುದು. ಕಾಗದ ಬರೆಸಿದವರು ಸತ್ಯ ಗೊತ್ತಿದ್ದೇ ಬರೆಸಿರಬೇಕಲ್ಲ" ಎಂದ.

"ಬರೆದದ್ದು ನಾನು" ಎಂದೆ. ಜುವೇನಾ ಅದನ್ನು ಅರಬ್ಬಿಯಲ್ಲಿ ಹೇಳಿದಳು. ಶೇಖ್ ನನ್ನನ್ನು, ನನ್ನ ಸೀರೆಯನ್ನು, ಹಣೆಯ ಕುಂಕುಮವನ್ನು ನೋಡಿದ. ನಿನಗೂ ಇದಕ್ಕೂ ಏನು ಸಂಬಂಧ ಎಂಬ ಹಾಗಿತ್ತು ಮುಖ.

"ನಮ್ಮಲ್ಲಿ ಮಕ್ಕಳ ಕುಲ ತಾಯಿಯದು. ಅಭ್ಯಾಸಬಲದಿಂದ ಹಾಗೆ ಬರೆದುಬಿಟ್ಟೆ. ಇವರು ಅದನ್ನು ಓದಿರಲಿಲ್ಲ. ತಪ್ಪು ನನ್ನೊಬ್ಬಳದೇ."

"ತಾಯಿಯದೇ? ಅಂಥ ಊರು ಎಲ್ಲಿದೆ?" ಅವನಿಗೆ ನಂಬಿಕೆ ಬರಲಿಲ್ಲ. "ಹಾಗಾದರೆ ನೀನು ಯಾರ ಮಗಳು, ಹೇಳು ನೋಡೋಣ."

ಅಂಗಳದಲ್ಲಿ ಅಷ್ಟೂ ಜನ ನನ್ನ ಬಾಯಿ ನೋಡುತ್ತಿದ್ದರು. ರಹ್ಮಾಳ ಸೀಟು ನನ್ನ ನಾಲಿಗೆಯ ತುದಿಯಲ್ಲಿ ನಿಂತಿತ್ತು. "ಸುಮತಿ, ಗಿರಿಜಳ ಮಗಳು. ಗಿರಿಜ ಅಕ್ಕುವಿನ ಮಗಳು. ಅಕ್ಕು ದೇಯಿಯ ಮಗಳು. ದೇಯಿ ದುಗ್ಗುವಿನ ಮಗಳು." ಅಲ್ಲಿಗೆ ನನ್ನ ಬಂಡವಾಳ ಮುಗಿಯಿತು.

"ಎಲ್ಲ ಹೆಂಗಸರೇ!" ಎಂದು ಶೇಖನ ಹೆಂಡತಿ ನಕ್ಕುಬಿಟ್ಟಳು. ಶೇಖ್ ಜಗನ್ನಾಥರ ಕಡೆ ನೋಡಿದ. ಅವರು ಗಂಭೀರವಾಗಿ ತಮ್ಮ ತಾಯಿಯ, ಅಜ್ಜಿಯ ಹೆಸರು ಹೇಳಿದರು. ಗಡ್ಡ ಮೀಸೆಯ ಗಂಡಸೊಬ್ಬ ಹೀಗೆ ಹೇಳಿದ್ದು ಕೇಳಿ ಶೇಖನಿಗೂ ನಗು ತಡೆಯಲಾಗಲಿಲ್ಲ. ಕಣ್ಣೊರೆಸಿಕೊಂಡು, "ಒಳ್ಳೆಯದು. ಯಾರಾದರೂ ಒಬ್ಬರು ನೆನಪಿಟ್ಟಿದ್ದಾರಲ್ಲ, ಅಷ್ಟು ಸಾಕು" ಎಂದ. ಮತ್ತೆ ನನ್ನನ್ನೇ ಕೇಳಿದ, "ನಿನ್ನ ತಂದೆಯ ತಂದೆ ಯಾರು?"

ಗೊತ್ತಿಲ್ಲ ಎಂದೆ. ಆಗ ಯಾರೂ ನಗಲಿಲ್ಲ. ಬೀ ಸಲ್ಮಾ ನನ್ನ ಮೊಣಕಾಲಿನ ಮೇಲೆ ಕೈಯಿಟ್ಟಳು. ಅಪ್ಪ ಹೋದರೂ ಏನೂ ಆಗಲಿಲ್ಲ ಎಂದು ನಾನು ಅದುವರೆಗೆ ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ. ಆ ಕೈಯ ಭಾರದ ಕೆಳಗೆ ಅದು ಸುಳ್ಳೆಂದು ಗೊತ್ತಾಯಿತು.

ಶೇಖ್ ಕಾಗದ ತರಿಸಿ, ಸಾಲೆಹನ ಇಬ್ಬರು ಹೆಣ್ಣುಮಕ್ಕಳೂ ನಮ್ಮವರೇ ಎಂದು ಬರೆಸಿ, ಮೊಹರು ಒತ್ತಿದ. "ಖಲಾಸ್" ಎಂದ. ಮುಗಿಯಿತು ಎಂದರ್ಥ. ಹಿಂತಿರುಗುವಾಗ ಜುವೇನಾ ಡಬ್ಬಿ ತೆರೆದು ಮೊದಲ ಮಂದಾಜಿಯನ್ನು ನನ್ನ ಕೈಗಿಟ್ಟಳು. "ಇದನ್ನಾದರೂ ತಿನ್ನು ದಾದಾ. ಮೊದಲ ನಾಲ್ಕು ಕಸದ ಬುಟ್ಟಿಯಲ್ಲಿದ್ದದ್ದು ನಾನು ನೋಡಿದ್ದೇನೆ" ಎಂದಳು. ನಾನು ಹೊರಗಿನ ಗುಡ್ಡ ನೋಡುತ್ತ ಎರಡು ತಿಂದೆ.

ರಹ್ಮಾ ನರ್ಸ್ ಆದಳು. ಎಂಬತ್ತೇಳರಲ್ಲಿ ನನ್ನ ಮಗಳು ವಿದ್ಯಾ ಹುಟ್ಟಿದಾಗ ಹೆರಿಗೆ ಕೋಣೆಯಲ್ಲಿ ನನ್ನ ಕೈ ಹಿಡಿದುಕೊಂಡಿದ್ದವಳು ಅವಳೇ. ಆಮೇಲೆ ನಾನೂ ಒಂದು ಕಚೇರಿಯಲ್ಲಿ ಟೈಪಿಸ್ಟ್ ಆದೆ. ವಿದ್ಯಾ ಇಂಡಿಯನ್ ಶಾಲೆಯಿಂದ ಬಂದು ಮಧ್ಯಾಹ್ನವೆಲ್ಲ ಬೀ ಸಲ್ಮಾಳ ಮನೆಯಲ್ಲಿ ಇರುತ್ತಿದ್ದಳು. ನಾನು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರಿಸುತ್ತಿದ್ದಳು, ಹಸಿವಾದರೆ ಸ್ವಾಹಿಲಿಯಲ್ಲಿ ಹೇಳುತ್ತಿದ್ದಳು. ಊರಿಗೆ ಹೋದಾಗ ಏಸಿಗೆ ಒಗ್ಗಿದ ನನಗೆ ಅಲ್ಲಿಯ ಸೆಕೆ ತಡೆಯಲಾಗುತ್ತಿರಲಿಲ್ಲ, ಇಲ್ಲಿಗೆ ಬಂದರೆ ಅಲ್ಲಿಯ ಹಸಿರು ಕಣ್ಣಿಗೆ ಕಟ್ಟುತ್ತಿತ್ತು. ಇಂಥದ್ದನ್ನು ಹೊರಗೆ ಹೋದವರೆಲ್ಲ ಬರೆಯುತ್ತಾರೆ, ನಾನು ಹೆಚ್ಚು ಹೇಳುವುದಿಲ್ಲ.

ತೊಂಬತ್ತನಾಲ್ಕರ ರಜೆಯಲ್ಲಿ ಊರಿನ ಅಡುಗೆಮನೆಯಲ್ಲಿ ಅಮ್ಮ ಕಾಯಿ ತುರಿಯುತ್ತಿದ್ದಳು. ವಿದ್ಯಾ ಎದುರಿಗೆ ಕುಳಿತು ತುರಿ ಕದ್ದು ತಿನ್ನುತ್ತಿದ್ದಳು. "ಯಾರ ಮಗಳಾ ಇದು ಕಳ್ಳಿ?" ಎಂದು ಅಮ್ಮ ಕೊಂಡಾಟಕ್ಕೆ ಕೇಳಿದಳು. ಬೀ ಸಲ್ಮಾಳ ಮನೆಯ ಹಾಗೆ ತುರಿಮಣೆಯ ಸದ್ದು, ಆ ಪ್ರಶ್ನೆ, ಎರಡೂ ಒಟ್ಟಿಗೆ ಕೇಳಿದ್ದಕ್ಕೋ ಏನೋ, ಮಗು ರಾಗವಾಗಿ ಶುರುಮಾಡಿತು: ಸಾಲೆಹ್, ಬಿನ್ ನಾಸರ್, ಬಿನ್ ಹಮದ್. ರಾಶಿದ್ ಬರುವವರೆಗೆ ನಿಲ್ಲಲಿಲ್ಲ.

ಅಮ್ಮನ ಕೈ ನಿಂತಿತು. "ಇವರೆಲ್ಲ ಯಾರು?"

ಎದುರು ಮನೆಯ ಕಥೆಯನ್ನು, ಶೇಖನ ಅಂಗಳವನ್ನು, ನನಗೆ ಉತ್ತರ ಗೊತ್ತಿಲ್ಲದ ಆ ಒಂದು ಪ್ರಶ್ನೆಯನ್ನು ಮೊದಲ ಸಲ ಅಮ್ಮನಿಗೆ ಹೇಳಿದೆ. ಅವಳು ಉಳಿದರ್ಧ ಕಾಯಿಯನ್ನು ತುರಿದು ಮುಗಿಸಿದಳು. ಗೆರಟೆಯನ್ನು ಬದಿಗಿಟ್ಟು, ನನ್ನ ಮುಖ ನೋಡದೆ, "ತಿಮ್ಮಪ್ಪ. ನಿನ್ನ ಅಪ್ಪನ ಅಪ್ಪ. ಒಳ್ಳೆಯ ಜನ. ಅದರಿಂದ ಆಚೆ ನನಗೂ ಗೊತ್ತಿಲ್ಲ" ಎಂದಳು. ಮೂವತ್ತು ವರ್ಷಕ್ಕೂ ಮೇಲೆ ಅವಳ ಬಾಯಿಯಲ್ಲಿ ಅಪ್ಪನ ಕಡೆಯ ಮಾತು ಬಂದದ್ದು ಅಂದು.

ವಿದ್ಯಾ ತುರಿ ಅಂಟಿದ ಬೆರಳನ್ನು ಮಡಿಚಿ ಎಣಿಸುತ್ತ ಕುಳಿತಿದ್ದಳು. "ಮಮ್ಮಿ, ತಿಮ್ಮಪ್ಪನನ್ನು ಎಲ್ಲಿ ಹೇಳಬೇಕು? ಸಾಲೆಹ್‌ಗಿಂತ ಮೊದಲಾ, ರಾಶಿದ್ ಆದ ಮೇಲಾ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು.

ಅಮ್ಮ ನನ್ನನ್ನು ನೋಡಿದಳು.

"ರಾಶಿದ್ ಆದ ಮೇಲೆ ಹೇಳು" ಎಂದೆ.